52,503 ನಾಣ್ಯಗಳ ಮೇಲೊಂದು ಅರೆಬರೆ ಸದ್ದು

ಪ್ರಕರಣ ಇಂಗ್ಲೆಂಡಿನದು. 2010ರ ಏಪ್ರಿಲ್ 11, ಭಾನುವಾರ. ಸಾಮರ್ಸೆಟ್ ಕೌಂಟಿಯ ಫ್ರೂಮ್ ಪಟ್ಟಣದ ಹತ್ತಿರದ ಒಂದು ಹೊಲ. ಡೇವ್ ಕ್ರಿಸ್ಪ್ ಎಂಬುವರು ಮೆಟಲ್ ಡಿಟೆಕ್ಟರ್ ಹಿಡಿದು ಅಲ್ಲಿ ಓಡಾಡುತ್ತಿದ್ದರು. ವೃತ್ತಿಯಲ್ಲಿ ಆಸ್ಪತ್ರೆಯ ಅಡುಗೆಯವರು, ಡಿಟೆಕ್ಟರ್ ಅವರ ಬಹುಕಾಲದ ಹವ್ಯಾಸ. ಯಂತ್ರದಿಂದ ಒಂದು ಸದ್ದು ಬಂತು. ಸ್ಪಷ್ಟವಾದ ಸದ್ದೇನಲ್ಲ. ಆಮೇಲೆ ಅದನ್ನು ವಿವರಿಸುವಾಗ ಅವರು ಹೇಳಿದ್ದು ‘ಫನ್ನಿ ಸಿಗ್ನಲ್’ ಅಂತ. ಏನೋ ಇದೆ, ಆದರೆ ಇಂಥದ್ದೇ ಅಂತ ಗೊತ್ತಾಗ್ತಿಲ್ಲ ಅನ್ನಿಸುವ ಥರದ್ದು.

ಆ ಸದ್ದಿನ ಕೆಳಗೆ ಇದ್ದದ್ದು 52,503 ರೋಮನ್ ನಾಣ್ಯಗಳು. ತೂಕ ಸುಮಾರು 160 ಕೆಜಿ. ಎಲ್ಲವೂ ಒಂದೇ ಮಡಕೆಯಲ್ಲಿ. ಬ್ರಿಟನ್ನಿನಲ್ಲಿ ಒಂದೇ ಪಾತ್ರೆಯೊಳಗೆ ಇಷ್ಟು ನಾಣ್ಯ ಬೇರೆಲ್ಲೂ ಸಿಕ್ಕಿರಲಿಲ್ಲ.

ಈ ಪ್ರಕರಣವನ್ನು ಜನ ಸಾಮಾನ್ಯವಾಗಿ ಅದೃಷ್ಟದ ಕಥೆಯಾಗಿ ಹೇಳುತ್ತಾರೆ. ನನಗೆ ಇದರಲ್ಲಿ ಕುತೂಹಲ ಇರುವುದು ಬೇರೆ ವಿಷಯಕ್ಕೆ. 160 ಕೆಜಿ ಲೋಹದ ಮೇಲೆ ಕಾಯಿಲ್, ಅಂದರೆ ಡಿಟೆಕ್ಟರ್ ಕೋಲಿನ ತುದಿಯಲ್ಲಿರುವ ತಟ್ಟೆಯಂಥ ಭಾಗ, ಹಾದುಹೋದರೆ ಯಂತ್ರ ಕಿವಿ ಕಿತ್ತು ಹೋಗುವ ಹಾಗೆ ಕೂಗಬೇಕಿತ್ತು ಅಲ್ವಾ? ಯಾಕೆ ಕೂಗಲಿಲ್ಲ? ಅಂಥ ಅರೆಬರೆ ಸದ್ದನ್ನು ಕಸ ಅಂತ ಬಿಟ್ಟು ಹೋಗದೆ ಅಗೆಯಬೇಕು ಅಂತ ತೀರ್ಮಾನಿಸುವುದು ಹೇಗೆ?

ಆಳ ಅನ್ನುವುದು ಯಂತ್ರಕ್ಕೆ ಏನು ಮಾಡುತ್ತದೆ

ಹವ್ಯಾಸಿಗಳು ಬಳಸುವ ಡಿಟೆಕ್ಟರ್ ಕೆಲಸ ಮಾಡುವ ಬಗೆ ಸರಳ. ಕಾಯಿಲ್ ಒಂದು ಕಾಂತಕ್ಷೇತ್ರವನ್ನು ನೆಲದೊಳಗೆ ಕಳಿಸುತ್ತದೆ. ಅದು ಲೋಹಕ್ಕೆ ತಗುಲಿದಾಗ ಲೋಹದೊಳಗೆ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳು ತಮ್ಮದೇ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ. ಅದನ್ನು ಯಂತ್ರ ಹಿಡಿದು ಸದ್ದು ಮಾಡಿ ಹೇಳುತ್ತದೆ.

ತೊಂದರೆ ಇರುವುದು ದೂರದ ಲೆಕ್ಕದಲ್ಲಿ. ಕಾಯಿಲ್‌ನಿಂದ ಸಾಕಷ್ಟು ದೂರ ಹೋದ ಮೇಲೆ, ದೂರ ಎರಡರಷ್ಟಾದರೆ ಕಾಂತಕ್ಷೇತ್ರ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ವಾಪಸ್ ಬರುವಾಗಲೂ ಹಾಗೇ. ಎರಡೂ ಸೇರಿ 64ರಲ್ಲಿ ಒಂದು ಪಾಲು. ಕಾಯಿಲ್ ಹತ್ತಿರದಲ್ಲಿ ಕುಸಿತ ಇಷ್ಟು ಕಡಿದಾಗಿರುವುದಿಲ್ಲ. 11 ಇಂಚಿನ ಕಾಯಿಲ್ ಇಟ್ಟುಕೊಂಡು ನಾನು ಅಂದಾಜು ಲೆಕ್ಕ ಹಾಕಿದಾಗ, 17 ಸೆಂ.ಮೀ. ಆಳದಿಂದ 35 ಸೆಂ.ಮೀ. ಆಳಕ್ಕೆ ಇಳಿದರೆ ಸಿಗ್ನಲ್ 20ರಲ್ಲಿ ಒಂದು ಪಾಲಿಗಿಂತ ತುಸು ಕಮ್ಮಿ ಆಗುತ್ತದೆ. ಅಂದರೆ ಒಂದು ಗೇಣಿನಲ್ಲಿ ಚೆನ್ನಾಗಿ ಕೂಗುವ ನಾಣ್ಯ ಎರಡು ಗೇಣಿನಲ್ಲಿ ಹೆಚ್ಚುಕಮ್ಮಿ ಮೂಕ. ಫ್ರೂಮ್‌ನ ಮಡಕೆಯ ಬಾಯಿ ಇದ್ದದ್ದು ಸುಮಾರು 35 ಸೆಂ.ಮೀ. ಕೆಳಗೆ. ಮಡಕೆಯ ಎತ್ತರ ಸುಮಾರು 60 ಸೆಂ.ಮೀ., ಹೊಟ್ಟೆಯ ಅಗಲ ಸುಮಾರು 45. ನಾಣ್ಯಗಳ ಬಹುಪಾಲು ಇನ್ನೂ ಕೆಳಗಿತ್ತು.

ಸರಿ, ಆಳ ಇದೆ. ಆದರೂ 160 ಕೆಜಿ ಅಲ್ವಾ? ಇಲ್ಲಿ ತೂಕ ನಾವು ಅಂದುಕೊಂಡಷ್ಟು ಕೆಲಸಕ್ಕೆ ಬರುವುದಿಲ್ಲ. ಅಷ್ಟೇ ತೂಕದ ಒಂದೇ ತಾಮ್ರದ ಗಟ್ಟಿ ಇದ್ದಿದ್ದರೆ ವಿದ್ಯುತ್ ಸುಳಿ ಇಡೀ ಗಟ್ಟಿಯನ್ನು ಸುತ್ತಿ ದೊಡ್ಡದಾಗಿ ಏಳುತ್ತಿತ್ತು. ಫ್ರೂಮ್‌ನವು ಮೂರನೇ ಶತಮಾನದ ಸಣ್ಣ ನಾಣ್ಯಗಳು. ಹೆಚ್ಚಿನವು ಬೆಳ್ಳಿಯ ಅಂಶ ತೀರಾ ಕಮ್ಮಿ ಇರುವ ತಾಮ್ರದವು. ಸಾವಿರದ ಏಳುನೂರು ವರ್ಷ ಮಣ್ಣಲ್ಲಿದ್ದು ಕಿಲುಬು ಹಿಡಿದಿದ್ದವು. ನಾಣ್ಯ ನಾಣ್ಯದ ನಡುವೆ ಕಿಲುಬಿನ ಪದರ ಬಂದಾಗ ವಿದ್ಯುತ್ ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುವುದಿಲ್ಲ. ಪ್ರತಿ ನಾಣ್ಯವೂ ತನ್ನ ಪಾಡಿಗೆ ಸಣ್ಣ ಸುಳಿ ಎಬ್ಬಿಸುತ್ತದೆ. ಅವೆಲ್ಲ ಕೂಡಿ ಒಂದು ಮಟ್ಟದ ಸಿಗ್ನಲ್ ಆಗುತ್ತದೆ ನಿಜ, ಆದರೆ ಗಟ್ಟಿ ಲೋಹದ ಅಬ್ಬರ ಅದಕ್ಕಿರುವುದಿಲ್ಲ.

ಮೂರನೆಯದನ್ನು ಅನುಭವಿಗಳೂ ಮರೆಯುತ್ತಾರೆ. ಇವತ್ತಿನ ಹೆಚ್ಚಿನ ಡಿಟೆಕ್ಟರ್‌ಗಳು ಕಾಯಿಲ್ ಆಡಿಸುವಾಗ ಆಗುವ ಬದಲಾವಣೆಯನ್ನು ಕೇಳಿಸಿಕೊಳ್ಳುತ್ತವೆ. ಥಟ್ಟನೆ ಏರಿ ಥಟ್ಟನೆ ಇಳಿದರೆ ಅದು ಲೋಹ, ನಿಧಾನವಾಗಿ ಏರಿಳಿದರೆ ಅದು ಮಣ್ಣಿನ ಗುಣ ಅಂತ ಅವುಗಳ ಫಿಲ್ಟರ್ ತಿಳಿಯುತ್ತದೆ. ಆಳದಲ್ಲಿರುವ ಅಗಲವಾದ ವಸ್ತುವಿನ ಸಿಗ್ನಲ್ ನಿಧಾನವಾಗಿಯೇ ಏರಿಳಿಯುವುದು. ಹಾಗಾಗಿ ಯಂತ್ರ ಅದನ್ನು ಮಣ್ಣಿನ ಲೆಕ್ಕಕ್ಕೆ ಹಾಕಿ ಅರ್ಧ ಅಳಿಸಿಬಿಡಬಹುದು. ದೊಡ್ಡ ಗಂಟಿನ ಮೇಲೆ ಸಣ್ಣ ಸದ್ದು ಬರುವುದಕ್ಕೆ ಇದೂ ಒಂದು ದಾರಿ.

ಆಳದ ಸದ್ದು ಕಿವಿಗೆ ಹೇಗೆ ಕೇಳುತ್ತದೆ

ಮೇಲಿರುವ ನಾಣ್ಯದ ಸದ್ದಿಗೆ ಅಂಚು ಇರುತ್ತದೆ. ಟಕ್ ಅಂತ ಶುರು, ಟಕ್ ಅಂತ ಮುಗಿತು. ಆಳದ್ದು ಪಕ್ಕದ ಮನೆಯ ರೇಡಿಯೋ ಗೋಡೆ ದಾಟಿ ಬಂದ ಹಾಗೆ. ದನಿ ಇರುತ್ತದೆ, ಮೊನೆ ಇರುವುದಿಲ್ಲ. ಹಿನ್ನೆಲೆಯಲ್ಲಿ ಸಣ್ಣಗೆ ಒಂದೇ ಸಮ ಹಮ್ ಬರುವ ಹಾಗೆ ಯಂತ್ರವನ್ನು ಇಟ್ಟುಕೊಂಡವರಿಗೆ ಕೆಲವೊಮ್ಮೆ ಸದ್ದೇ ಕೇಳಿಸುವುದಿಲ್ಲ. ಹಮ್ ಒಂದು ಕ್ಷಣ ತಡವರಿಸುತ್ತದೆ, ಅಷ್ಟೇ. ಅದೂ ಸಿಗ್ನಲ್ಲೇ. ಕಬ್ಬಿಣದ ಕಾಟ ಬೇಡ ಅಂತ ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸದ್ದನ್ನು ಅಡಗಿಸುವ ಸೆಟ್ಟಿಂಗ್) ಜಾಸ್ತಿ ಮಾಡಿಕೊಂಡು ನಡೆಯುವವರಿಗೆ ಇದು ಸಿಗುವ ಮಾತೇ ಇಲ್ಲ.

ಕೆಳಗಿರುವುದು ಯಾವ ಲೋಹ ಅಂತ ಯಂತ್ರ ಊಹಿಸಿ ಪರದೆಯ ಮೇಲೆ ತೋರಿಸುವ ಅಂಕಿಯನ್ನು ನಂಬಿ ಕೂತರೆ ಆಳದ ಗುರಿ ಕೈತಪ್ಪುತ್ತದೆ. ಸಿಗ್ನಲ್ ಸೊರಗಿದಾಗ ಅದರಲ್ಲಿ ಮಣ್ಣಿನ ಖನಿಜದ ಪಾಲು ಬೆರೆಯುತ್ತದೆ. ಅಂಕಿ ಒಂದು ಸಲ ಬೆಳ್ಳಿ ಅನ್ನುತ್ತದೆ, ಇನ್ನೊಂದು ಸಲ ಕಬ್ಬಿಣ ಅನ್ನುತ್ತದೆ. ಬಹಳಷ್ಟು ಯಂತ್ರಗಳು ಅನುಮಾನ ಬಂದಾಗ ಕಬ್ಬಿಣದ ಕಡೆಗೇ ವಾಲುತ್ತವೆ. ಆದ್ದರಿಂದ ಅಂಕಿ ಕುಣಿಯುತ್ತಿದೆ ಅನ್ನುವುದೊಂದೇ ಕಾರಣಕ್ಕೆ ಬಿಟ್ಟು ಹೋಗಬಾರದು. ನೋಡಬೇಕಾದದ್ದು, ಸದ್ದು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುತ್ತಿದೆಯಾ ಅನ್ನುವುದನ್ನು. ಎಡದಿಂದ ಬಲಕ್ಕೆ ಬಂತು, ಬಲದಿಂದ ಎಡಕ್ಕೂ ಬಂತಾ? ಕಾಲು ಸುತ್ತು ತಿರುಗಿ ನಿಂತು ಅಡ್ಡಡ್ಡ ಆಡಿಸಿದಾಗಲೂ ಅದೇ ಬಿಂದುವಿನಲ್ಲಿ ಬಂತಾ?

ತುಕ್ಕು ಹಿಡಿದ ಮೊಳೆ ಇಲ್ಲೇ ಸಿಕ್ಕಿಬೀಳುವುದು. ಒಂದು ದಿಕ್ಕಿನಿಂದ ನೋಡಿದರೆ ಅಪ್ಪಟ ಬೆಳ್ಳಿಯ ಥರ ಮೇಲುದನಿಯಲ್ಲಿ ಹಾಡುತ್ತದೆ. ತಿರುಗಿ ನಿಂತರೆ ದನಿ ಮಾಯ, ಇಲ್ಲವೇ ಒಂದು ಗೇಣು ಆಚೆ ಸರಿದಿರುತ್ತದೆ. ದೊಡ್ಡ ಚಪ್ಪಟೆ ಕಬ್ಬಿಣ, ಉದಾಹರಣೆಗೆ ನೇಗಿಲಿನ ಮುರುಕು, ಇದಕ್ಕಿಂತ ಖದೀಮ. ಅದು ತಿರುಗಿ ನಿಂತರೂ ಹಾಡುತ್ತದೆ. ಅದನ್ನು ಅಗೆಯದೆ ತಿಳಿಯುವುದು ಕಷ್ಟ. ಸುಮ್ನೆ ಅಗೆದುಬಿಡುವುದೇ ವಾಸಿ.

ಕಾಯಿಲ್ ಎತ್ತಿ ನೋಡುವ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಅರ್ಧ ಹೇಳುತ್ತಾರೆ. ಕಾಯಿಲನ್ನು ನಾಲ್ಕು ಬೆರಳಿನಷ್ಟು ಎತ್ತಿ ಆಡಿಸಿ. ಸದ್ದು ಇನ್ನೂ ಗಟ್ಟಿಯಾಗಿದ್ದು ಚೂಪಾಗಿದ್ದರೆ ವಸ್ತು ಮೇಲೇ ಇದೆ. ಪೂರ್ತಿ ಸತ್ತುಹೋದರೆ ಆಳದಲ್ಲಿರುವ ಸಣ್ಣ ವಸ್ತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮೂರನೆಯ ಸಾಧ್ಯತೆಯೊಂದು ಇದೆ. ಸದ್ದು ಮೊದಲೇ ಮೆತ್ತಗಿತ್ತು, ಅಗಲವಾಗಿತ್ತು, ಎತ್ತಿದರೂ ಅದೇ ಥರ ಮೆತ್ತಗೆ ಉಳಿದುಕೊಂಡಿತು. ಇದು ಆಳದಲ್ಲಿರುವ ದೊಡ್ಡ ವಸ್ತುವಿನ ಲಕ್ಷಣ. ಯಂತ್ರದ ಪಿನ್‌ಪಾಯಿಂಟ್ ಬಟನ್ ಒತ್ತಿ ಹಿಡಿದರೆ ಹೆಚ್ಚಿನ ಯಂತ್ರಗಳಲ್ಲಿ ಮೇಲೆ ಹೇಳಿದ ಫಿಲ್ಟರ್ ಪಕ್ಕಕ್ಕೆ ಸರಿಯುತ್ತದೆ. ಆಗ ಕಾಯಿಲನ್ನು ನಿಧಾನವಾಗಿ ಸರಿಸುತ್ತಾ ಸದ್ದು ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ನೆಲದ ಮೇಲೆ ಗುರುತು ಮಾಡಬಹುದು. ನಾಣ್ಯದ ಗುರುತು ಅಂಗೈ ಒಳಗೆ ಮುಗಿಯುತ್ತದೆ. ಮೊಳದಷ್ಟು ಹರಡಿಕೊಂಡರೆ ಯೋಚನೆ ಮಾಡಬೇಕು. ಕೆಳಗಿರುವುದು ಹಂಡೆಯೂ ಇರಬಹುದು, ನೀರಿನ ಪೈಪೂ ಇರಬಹುದು. ಪೈಪಾದರೆ ಗುರುತು ಉದ್ದಕ್ಕೆ ಓಡುತ್ತದೆ, ಅಷ್ಟು ಸಮಾಧಾನ.

ಇದೆಲ್ಲಕ್ಕಿಂತ ನಾನು ಜಾಸ್ತಿ ನಂಬುವುದು ಮಣ್ಣು ಕೆರೆದು ನೋಡುವ ಪರೀಕ್ಷೆಯನ್ನು. ಮೇಲಿನ ಮೂರು ಬೆರಳಿನಷ್ಟು ಮಣ್ಣು ತೆಗೆಯಿರಿ, ಮತ್ತೆ ಕಾಯಿಲ್ ಆಡಿಸಿ. ನಿಜವಾದ ಆಳದ ಗುರಿ ಆಗಿದ್ದರೆ ಸದ್ದು ಸುಧಾರಿಸುತ್ತದೆ. ಅಂಕಿಯೂ ಕುಣಿತ ಬಿಟ್ಟು ಒಂದು ಕಡೆ ನಿಲ್ಲತೊಡಗುತ್ತದೆ. ಮಣ್ಣಿನ ಖನಿಜದಿಂದಲೋ ಹತ್ತಿರದ ವಿದ್ಯುತ್ ತಂತಿಯಿಂದಲೋ ಬಂದ ಸುಳ್ಳು ಸದ್ದಾದರೆ ಅಲ್ಲೇ ಕಳಚಿಕೊಳ್ಳುತ್ತದೆ.

ಫ್ರೂಮ್‌ನ ಗುಂಡಿಯಲ್ಲಿ ನಡೆದದ್ದು

ಕ್ರಿಸ್ಪ್ ಆ ಹೊಲಕ್ಕೆ ಹೋದದ್ದು ಸುಮ್ನೆ ಅಲ್ಲ. ಅದೇ ಹೊಲದಲ್ಲಿ ಅವರಿಗೆ ಅದಕ್ಕೂ ಮೊದಲು ಚದುರಿದ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು, 60ಕ್ಕೂ ಹೆಚ್ಚು. ನಾಲ್ಕನೇ ಶತಮಾನದ ರೋಮನ್ ಸಿಲಿಕ್ವಾಗಳು. ಉಳುಮೆಗೆ ಸಿಕ್ಕಿ ಒಡೆದು ಹರಡಿಹೋದ ಯಾವುದೋ ಗಂಟಿನವು. ಅದರಲ್ಲಿ ಉಳಿದವು ಇನ್ನೂ ಸಿಗಬಹುದು ಅಂತ ಅವರು ಹುಡುಕುತ್ತಿದ್ದರು. ಎಲ್ಲೋ ರಸ್ತೆ ಬದಿಯ ಬಯಲಿನಲ್ಲಿ ಇದೇ ‘ಫನ್ನಿ ಸಿಗ್ನಲ್’ ಬಂದಿದ್ದರೆ ಬಿಟ್ಟು ಹೋಗುವುದರಲ್ಲಿ ತಪ್ಪಿಲ್ಲ. ಆದರೆ ರೋಮನ್ ಬೆಳ್ಳಿ ಸಿಕ್ಕ ಹೊಲದಲ್ಲಿ ಅನುಮಾನದ ಸದ್ದಿಗೆ ಬೆಲೆ ಬೇರೆ. ಯಂತ್ರದ ಸೆಟ್ಟಿಂಗ್ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಈ ವಿಷಯವನ್ನು ಹಾರಿಸಿಬಿಡುತ್ತಾರೆ.

ಅವರು ಅಗೆದರು. ಕೆಳಗೆ ಹೋಗುತ್ತಾ ಜೇಡಿ ಮಣ್ಣು ಸಿಕ್ಕಿತು. ಅದರೊಳಗಿಂದ ಬೆರಳಿನ ಉಗುರಿನಷ್ಟಿರುವ ಒಂದು ಪುಟ್ಟ ಕಂಚಿನ ನಾಣ್ಯ ಬಂತು.

ಇಲ್ಲಿ ಸ್ವಲ್ಪ ನಿಲ್ಲೋಣ. ಬಹಳ ಜನ ಇಲ್ಲಿಗೇ ಮುಗಿಸುತ್ತಾರೆ. ನಾಣ್ಯ ಸಿಕ್ಕಿತು, ಸದ್ದಿನ ಕಾರಣ ಗೊತ್ತಾಯಿತು, ಗುಂಡಿ ಮುಚ್ಚಿ ಮುಂದೆ ಹೋಗೋಣ ಅಂತ. ಆದರೆ ಕೈಗೆ ಬಂದ ವಸ್ತುವಿಗೂ ಮೊದಲು ಕೇಳಿದ ಸದ್ದಿಗೂ ತಾಳೆ ಆಗಬೇಕು. ಉಗುರಿನಷ್ಟು ಕಂಚು ಆ ಆಳದಲ್ಲಿದ್ದು ಮೇಲಿನವರೆಗೆ ಸದ್ದು ಕಳಿಸುವುದು ಬಹಳ ಕಷ್ಟ. ಹಾಗಾಗಿ ನಾಣ್ಯ ತೆಗೆದ ಮೇಲೂ ಗುಂಡಿಯೊಳಗೆ ಕಾಯಿಲ್ ಇಳಿಸಿ ಮತ್ತೊಮ್ಮೆ ಕೇಳಬೇಕು. ಸದ್ದು ನಿಂತಿಲ್ಲ, ಬದಲಿಗೆ ಜೋರಾಗಿದೆ ಅಂದರೆ ಕೆಳಗೆ ಇನ್ನೂ ಇದೆ ಅಂತಲೇ ಅರ್ಥ. ಉಳುವ ಮಣ್ಣು ಮುಗಿದು ಅಲುಗಾಡದ ಮಣ್ಣು ಶುರುವಾದ ಮೇಲೆ ನಾಣ್ಯ ಬರುತ್ತಿದ್ದರಂತೂ ಅದು ಚೆಲ್ಲಿಹೋದದ್ದಲ್ಲ, ಯಾರೋ ಇಟ್ಟದ್ದು. ಆ ಹಂತದಲ್ಲಿ ಡಿಟೆಕ್ಟರ್‌ಗಿಂತ ಮಣ್ಣಿನ ಬಣ್ಣ, ಗಟ್ಟಿತನ ಜಾಸ್ತಿ ಮಾತಾಡುತ್ತವೆ.

ಕ್ರಿಸ್ಪ್ ಇನ್ನಷ್ಟು ಇಳಿದಾಗ ಮಡಕೆಯ ಮೇಲ್ಭಾಗ ಕಂಡಿತು. ಮಡಕೆಯ ಬಾಯಿಗೆ ಒಂದು ಸಣ್ಣ ಬಟ್ಟಲನ್ನು ಬೋರಲು ಹಾಕಿ ಮುಚ್ಚಲಾಗಿತ್ತು. ಒಡೆಯದೆ ಉಳಿದ ಗಂಟು ಇದು ಅಂತ ಅವರಿಗೆ ಅರ್ಥವಾಯಿತು.

ಅಲ್ಲಿಗೆ ಅಗೆಯುವುದನ್ನು ನಿಲ್ಲಿಸಿದರು. ಗುಂಡಿ ಮುಚ್ಚಿದರು.

ನಿಲ್ಲಿಸಿದ್ದರಿಂದ ಉಳಿದದ್ದು

ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಆಕ್ಟ್ ಪ್ರಕಾರ ಇಂಥದ್ದು ಸಿಕ್ಕವರು 14 ದಿನದೊಳಗೆ ತಿಳಿಸಬೇಕು. ಹವ್ಯಾಸಿಗಳಿಗೂ ಪುರಾತತ್ವದವರಿಗೂ ನಡುವೆ ಕೊಂಡಿಯಾಗಿ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್ ಅಂತ ಒಂದು ವ್ಯವಸ್ಥೆ ಇದೆ. ಅದರ ಅಧಿಕಾರಿಗಳು ಆಯಾ ಕೌಂಟಿಯಲ್ಲಿ ಇರುತ್ತಾರೆ. ಕ್ರಿಸ್ಪ್ ಕೆಲವೇ ದಿನಗಳಲ್ಲಿ ವಿಲ್ಟ್‌ಷೈರ್‌ನ ಅಧಿಕಾರಿಗೆ ಸುದ್ದಿ ಮುಟ್ಟಿಸಿದರು. ಏಪ್ರಿಲ್ ಮುಗಿಯುವುದರೊಳಗೆ ಅಲನ್ ಗ್ರಹಾಂ ಎಂಬ ಪುರಾತತ್ವಜ್ಞರ ನೇತೃತ್ವದಲ್ಲಿ ಮೂರು ದಿನದ ಉತ್ಖನನ ನಡೆಯಿತು.

ಇವರು ಹೋದ ಕೂಡಲೇ ಮಡಕೆಯನ್ನು ಎತ್ತಲು ನೋಡಲಿಲ್ಲ. ಎತ್ತುವ ಹಾಗೂ ಇರಲಿಲ್ಲ. ಮಡಕೆ ನೆಲದಲ್ಲೇ ಬಿರುಕು ಬಿಟ್ಟಿತ್ತು, ಒಳಗಿನ ತೂಕ ಬೇರೆ ಅಷ್ಟು. ಕ್ರಿಸ್ಪ್ ತೋಡಿದ ಸಣ್ಣ ಗುಂಡಿಯ ಸುತ್ತ ಒಂದೂವರೆ ಮೀಟರ್ ಅಗಲದ ಚೌಕ ಹಾಕಿ, ಮಣ್ಣು ಇಳಿಸಿ, ನಾಣ್ಯಗಳನ್ನು ಪದರ ಪದರವಾಗಿ ತೆಗೆದರು. ಯಾವ ನಾಣ್ಯ ಯಾವ ಪದರದ್ದು ಅಂತ ಗುರುತು ಬರೆದು 60ಕ್ಕೂ ಹೆಚ್ಚು ಚೀಲಗಳಲ್ಲಿ ತುಂಬಿದರು. ಅಲ್ಲಿಂದ ಬ್ರಿಟಿಷ್ ಮ್ಯೂಸಿಯಂಗೆ ಹೋಗಿ ತೊಳೆದು ಒಣಗಿಸಿ ವಿಂಗಡಿಸುವ ಕೆಲಸ.

ಆ ಗುರುತಿನ ಚೀಟಿಗಳಿಂದ ಒಂದು ವಿಚಿತ್ರ ಸಂಗತಿ ಹೊರಬಂತು. ಗಂಟಿನಲ್ಲಿ ಕರೌಸಿಯಸ್ ಎಂಬ ದೊರೆಯ 760ಕ್ಕೂ ಹೆಚ್ಚು ನಾಣ್ಯಗಳಿದ್ದವು. ಈತ ರೋಮ್ ಸಾಮ್ರಾಜ್ಯದಿಂದ ಸಿಡಿದು 286ರಿಂದ 293ರವರೆಗೆ ಬ್ರಿಟನ್ನನ್ನು ತಾನೇ ಆಳಿದವನು. ಅವನ ಐದು ಅಪರೂಪದ ಬೆಳ್ಳಿ ನಾಣ್ಯಗಳೂ ಇದರಲ್ಲಿವೆ. ಗಂಟಿನ ತೀರಾ ಈಚಿನ ನಾಣ್ಯಗಳು ಇವನವೇ. ಯಾರೋ ವರ್ಷ ವರ್ಷ ಕೂಡಿಡುತ್ತಾ ಹೋಗಿದ್ದರೆ ಇವನ ನಾಣ್ಯಗಳು ಮಡಕೆಯ ಮೇಲ್ಗಡೆ ಇರಬೇಕಿತ್ತು. ಆದರೆ ಅವುಗಳ ದೊಡ್ಡ ಪಾಲು ಸಿಕ್ಕಿದ್ದು ಮಡಕೆಯ ಅರ್ಧಕ್ಕಿಂತ ಕೆಳಗೆ, ಅದೂ ಒಂದೇ ಕಡೆ ಗುಂಪಾಗಿ. ಅಂದರೆ ಇಡೀ ಗಂಟನ್ನು ಒಂದೇ ಸಲಕ್ಕೆ, ಬೇರೆ ಬೇರೆ ಚೀಲಗಳಿಂದ ಸುರಿದು ತುಂಬಿರಬೇಕು. ಮಡಕೆಯ ಗೋಡೆ ತೆಳು. ತುಂಬಿದ ಮೇಲೆ ಹೊತ್ತು ತರಲು ಆಗುತ್ತಿರಲಿಲ್ಲ. ಮೊದಲು ಖಾಲಿ ಮಡಕೆಯನ್ನು ಹೂತು ಆಮೇಲೆ ತುಂಬಿದ್ದಾರೆ. ಬೇಕಾದಾಗ ವಾಪಸ್ ತೆಗೆದುಕೊಳ್ಳುವ ಉದ್ದೇಶ ಇದ್ದವರು ಹೀಗೆ ಮಾಡುತ್ತಿರಲಿಲ್ಲ, ಇದು ಊರಿನವರು ಕೂಡಿ ದೇವರಿಗೆ ಒಪ್ಪಿಸಿದ ಹರಕೆ ಇರಬಹುದು ಅನ್ನುವ ವಾದ ಹುಟ್ಟಿದ್ದು ಇದರಿಂದಲೇ. ನನಗೆ ಈ ವಾದ ಪೂರ್ತಿ ಒಪ್ಪಿಗೆಯಿಲ್ಲ. ಸ್ವಲ್ಪ ಸ್ವಲ್ಪವೇ ಕೈ ಹಾಕಿ ತೆಗೆಯಲು ಯಾವ ಅಡ್ಡಿಯೂ ಇರಲಿಲ್ಲವಲ್ಲ. ಆದರೆ ಹೀಗೊಂದು ವಾದ ಮಾಡಲು ಸಾಧ್ಯವಾದದ್ದೇ ನಾಣ್ಯಗಳ ಪದರ ಕಲಸದೆ ಉಳಿದದ್ದರಿಂದ. ಆ ಭಾನುವಾರ ಬಕೆಟ್ಟಿಗೆ ತುಂಬಿಕೊಂಡು ಹೋಗಿದ್ದರೆ 52,503 ನಾಣ್ಯ ಸಿಗುತ್ತಿದ್ದವು, ಇದೊಂದು ಸಿಗುತ್ತಿರಲಿಲ್ಲ.

ಗಂಟಿಗೆ ಕಟ್ಟಿದ ಬೆಲೆ 3,20,250 ಪೌಂಡ್. ಅದು ಕ್ರಿಸ್ಪ್‌ಗೂ ಹೊಲದವರಿಗೂ ಅರ್ಧರ್ಧ. ನಾಣ್ಯಗಳು ಈಗ ಟಾಂಟನ್‌ನ ಮ್ಯೂಸಿಯಂ ಆಫ್ ಸಾಮರ್ಸೆಟ್‌ನಲ್ಲಿವೆ.

ಜೆರ್ಸಿ ದ್ವೀಪ, ಮತ್ತೆ ನಮ್ಮ ಕಡೆ

ಎರಡು ವರ್ಷದ ಮೇಲೆ, 2012ರಲ್ಲಿ, ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಜೆರ್ಸಿ ದ್ವೀಪದಲ್ಲಿ ರೆಜ್ ಮೀಡ್ ಮತ್ತು ರಿಚರ್ಡ್ ಮೈಲ್ಸ್ ಎಂಬ ಇಬ್ಬರಿಗೆ ಸುಮಾರು 70,000 ಕೆಲ್ಟಿಕ್ ನಾಣ್ಯಗಳ ಗಂಟು ಸಿಕ್ಕಿತು. ಹೊಲದಲ್ಲಿ ಹಿಂದೆ ಬೆಳ್ಳಿ ನಾಣ್ಯ ಸಿಕ್ಕಿದ ಹಳೇ ಸುದ್ದಿಯ ಬೆನ್ನು ಹತ್ತಿ ಸುಮಾರು 30 ವರ್ಷ ಹುಡುಕಿದವರು ಅವರು. ಮೊದಲು ಚದುರಿದ ನಾಣ್ಯಗಳು ಸಿಕ್ಕವು. ಗಂಟು ಹೊರಬಿದ್ದದ್ದು ಹೆಚ್ಚು ಆಳಕ್ಕೆ ಕೇಳುವ ಯಂತ್ರ ತಂದ ಮೇಲೆ. ಫ್ರೂಮ್‌ನಂತೆಯೇ ಅಲ್ಲೂ ಮೇಲಿನ ಚಿಲ್ಲರೆ ನಾಣ್ಯಗಳು ಕೆಳಗಿನದಕ್ಕೆ ದಾರಿ ತೋರಿಸಿದವು. ಅವರೂ ನೋಡಿದ ಕೂಡಲೇ ನಿಲ್ಲಿಸಿ ತಜ್ಞರನ್ನು ಕರೆದರು.

ಇದನ್ನು ಓದಿ ನಮ್ಮಲ್ಲೂ ಒಂದು ಯಂತ್ರ ಕೊಂಡುಬಿಡೋಣ ಅಂತ ಅನ್ನಿಸಿದವರಿಗೆ ಎರಡು ಮಾತು. ನಮ್ಮ ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಅಂಥ ನೆಲದಲ್ಲಿ ಯಂತ್ರಕ್ಕೆ ಮಣ್ಣಿನದೇ ಗಲಾಟೆ. ಸೆನ್ಸಿಟಿವಿಟಿ ಏರಿಸಿದಷ್ಟೂ ಸುಳ್ಳು ಸದ್ದು ಹೆಚ್ಚುತ್ತದೆ, ಸಿಗುವ ಆಳ ಕಮ್ಮಿಯಾಗುತ್ತದೆ. ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸದ್ದನ್ನು ಕಳೆಯುವ ಹೊಂದಾಣಿಕೆ) ಸರಿಯಾಗಿ ಮಾಡಿ, ಸೆನ್ಸಿಟಿವಿಟಿ ಇಳಿಸಿದರೆ ಕೆಲವೊಮ್ಮೆ ಹೆಚ್ಚು ಆಳ ಕೇಳಿಸುವುದೂ ಉಂಟು. ಅಡಿಗಟ್ಟಲೆ ಕೆಳಗಿರುವ ಚಿನ್ನದ ಉಂಗುರ ತೋರಿಸುತ್ತೇವೆ ಎಂದು ನಿಧಿ ಮೆಷಿನ್ ಮಾರುವವರ ಮಾತನ್ನು ಮೇಲಿನ 64ರ ಲೆಕ್ಕದ ಪಕ್ಕ ಇಟ್ಟು ನೋಡಿ.

ಇನ್ನೊಂದು ಕಾನೂನಿನದು. ಕರ್ನಾಟಕದಲ್ಲಿ ನಿಧಿಗೆ ಸಂಬಂಧಿಸಿದ 1962ರ ಕಾಯ್ದೆ ಇದೆ. ನೆಲದಲ್ಲಿ ಸಿಕ್ಕಿದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸದೆ ಇಟ್ಟುಕೊಳ್ಳುವ ಹಾಗಿಲ್ಲ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ನಿಧಿ ಆಸೆಗೆ ಹಾಳು ದೇಗುಲಗಳ ಗರ್ಭಗುಡಿ ಅಗೆದು, ವೀರಗಲ್ಲು ಉರುಳಿಸಿ ಹೋಗುವವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಡಿಟೆಕ್ಟರ್ ಕಲಿಯುವ ಆಸೆ ನಿಜವಾಗಿಯೂ ಇದ್ದರೆ ಸ್ವಂತ ಹಿತ್ತಿಲಲ್ಲಿ ಒಂದು ರೂಪಾಯಿಯ ನಾಣ್ಯ, ಒಂದು ಮೊಳೆ, ಒಂದು ತಾಮ್ರದ ಚೊಂಬನ್ನು ಬೇರೆ ಬೇರೆ ಆಳದಲ್ಲಿ ಹೂಳಿ. ಒಂದು ಮಳೆ ಬಿದ್ದು ಮಣ್ಣು ಕೂತ ಮೇಲೆ ಅದರ ಮೇಲೆ ಕಾಯಿಲ್ ಆಡಿಸಿ. ಚೊಂಬನ್ನು ಮೊಳದಷ್ಟು ಕೆಳಗಿಟ್ಟರೆ ಅದರ ಸದ್ದು ಎಷ್ಟು ಮೆತ್ತಗೆ, ಎಷ್ಟು ಅಗಲವಾಗಿ ಬರುತ್ತದೆ ಅನ್ನುವುದು ಅಲ್ಲೇ ಕಿವಿಗೆ ಬೀಳುತ್ತದೆ.